ಪದ ಬೇಕು (ಅರ್ಜೆಂಟ್): ಸಿಗ್ನಲ್ ತಿರುಗಿಸೋ ಪ್ಯಾನೆಲ್‌ಗಿ ಏನಂತೀರಿ?

ಶರಣ್ರಿ ಎಲ್ಲಾರಿಗೂ. ಕಲಬುರಗಿ ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕ ಬೋರ್ಡ್ ಬರಿಯೋದದ, ಸಂಜಿಕ ಫ್ಲೆಕ್ಸ್ ಪ್ರಿಂಟಿಗಿ ಹೋಗ್ತದ. ಇಂಗ್ಲಿಷ್‌ನಾಗ ರೀಕಾನ್ಫಿಗರಬಲ್ ಇಂಟೆಲಿಜೆಂಟ್ ಸರ್ಫೇಸ್. ಹುಡುಗರು "ಪುನರ್ವಿನ್ಯಾಸಯೋಗ್ಯ ಬುದ್ಧಿವಂತ ಮೇಲ್ಮೈ" ಅಂತ ಬರದಾರ, ಓದಲಾಕ ಉಸಿರು ಸಾಲಂಗಿಲ್ಲ.

ವಸ್ತು ಏನಂದ್ರ, ಗ್ವಾಡಿಗಿ ಹಚ್ಚೋ ಪ್ಯಾನೆಲ್, ತುಂಬ ತಾಮ್ರದ ಸಣ್ಣ ಸಣ್ಣ ಚೌಕ, ಒಂದೊಂದಕ್ಕೂ ಡಯೋಡ್. 12 ಗಿಗಾಹರ್ಟ್ಸ್ ಸಿಗ್ನಲ್‌ದು ತರಂಗಾಂತರ 2.5 ಸೆಂ.ಮೀ., ಚೌಕದಿಂದ ಚೌಕಕ್ಕ ಸುಮಾರು ಅದರ ಅರ್ಧ ದೂರ. ಡಯೋಡ್ ಆನ್-ಆಫ್ ಮಾಡಿದ್ರ ಆ ಚೌಕದಿಂದ ವಾಪಸ್ ಹೋಗೋ ಅಲೆ ಚೂರು ಹಿಂದ-ಮುಂದ ಆಗ್ತದ, ಎಲ್ಲಾ ಕೂಡಿ ಬೇಕಾದ ದಿಕ್ಕಿಗಿ ಹೊಂಡ್ತದ. 550 ಕಿ.ಮೀ. ಮ್ಯಾಲಿನ ಸ್ಯಾಟಲೈಟ್ ಸೆಕೆಂಡಿಗಿ ಸುಮಾರು 7.6 ಕಿ.ಮೀ. ಓಡ್ತದ, ಕಟ್ಟಡದ ಮರಿಗಿ ಹೋಯ್ತಂದ್ರ ಲಿಂಕ್ ಕಟ್. ಆಗ ಈ ಪ್ಯಾನೆಲ್ ತಾ ಅಲ್ಲಾಡದೇ ಸಿಗ್ನಲ್ ಈ ಕಡಿ ಹೊಳ್ಳಿಸ್ತದ, ಸ್ಯಾಟಲೈಟ್ ಸರದಂಗ ಡಯೋಡ್ ಬದಲಾಯಿಸ್ಕೋತ ಹೋದ್ರ ಆತು. ಬರೇ "ಕನ್ನಡಿ" ಅಂದ್ರ ಸಾಕೇನ್ರಿ?

> ಬರೇ "ಕನ್ನಡಿ" ಅಂದ್ರ ಸಾಕೇನ್ರಿ?

ಸಾಲಂಗಿಲ್ಲ. ಕನ್ನಡಿ ಬಂದ ಕೋನಕ್ಕೇ ಹೊಳ್ಳಿಸ್ತದ, ಇದು ಹೇಳಿದ ಕಡಿ. ಮತ್ತ ಕನ್ನಡಿಯೊಳಗ "ಕಣ್" ಕುಂತದ, ಮಲಯಾಳದಾಗ ಈಗೂ ಕಣ್ಣಾಡಿ. ಕಣ್ಣಿಗಿ ಕಾಣದ ಮೈಕ್ರೋವೇವ್‌ಗಿ ಅದ್ಯಾಕ? "ಅಲೆತಿರುವು ಹಲಗೆ" ಬರೀರಿ. "ತರಂಗತಿರುವು" ಮಾತ್ರ ಬ್ಯಾಡ, ಅರಿಸಮಾಸ, ಅಂದ್ರ ಸಂಸ್ಕೃತ ಪದಕ್ಕ ಕನ್ನಡ ಪದ ಗಂಟು ಹಾಕಿದ್ದು. ಕುದಿಯೋ ಹಾಲಿಗಿ ಮಜ್ಜಿಗಿ ಹನಿ ಬಿದ್ದಂಗ ಅಂತ ಕವಿರಾಜಮಾರ್ಗ ಬೈದದ, ಅದೂ ನಮ್ಮ ಮಳಖೇಡ ರಾಜಧಾನಿ ಇದ್ದ ಕಾಲಕ್ಕ.

> "ಅಲೆತಿರುವು ಹಲಗೆ" ಬರೀರಿ.

ಹಲಗೆ ಫಲಕದ ತದ್ಭವ ಅಂತಾರಲ್ರಿ, ನಿಮ್ಮ ಮಡಿ ಎಲ್ಲಿ ಉಳೀತು? ಬೀದರ ಕಡಿ ಹಲಗಿ ಅಂದ್ರ ಬಾರಿಸೋದು, ಪ್ರದರ್ಶನಕ್ಕ ಬಂದ ಮಂದಿ ಡೊಳ್ಳು ಎಲ್ಲಿ ಅಂತ ಕೇಳ್ತಾರ. ಅರ್ಜಿ, ವಕೀಲ, ಜಮೀನು, ದವಾಖಾನಿ ಎಲ್ಲಾ ಹೊರಗಿಂದ ಬಂದವು, ಅವು ಬಿಟ್ರ ನೀವು ತಹಸೀಲ್‌ನಾಗ ಬಾಯೇ ತೆರಿಯಂಗಿಲ್ಲ. "ಸ್ಮಾರ್ಟ್ ರಿಫ್ಲೆಕ್ಟರ್" ಅಂತ ಹಾಕಿ ಮುಗಸ್ರಿ.

> "ಸ್ಮಾರ್ಟ್ ರಿಫ್ಲೆಕ್ಟರ್"

ಸ್ಮಾರ್ಟ್ ಏನದ ಅದರಾಗ? ಲೆಕ್ಕ ಹಾಕೋದು ಕಂಟ್ರೋಲರ್, ಪ್ಯಾನೆಲ್‌ಗಿ ಸ್ವಂತ ಆಂಪ್ಲಿಫೈಯರ್ ಸಹಿತ ಇರಂಗಿಲ್ಲ. ಅರ್ಜಿ, ವಕೀಲ ಜನರ ಬಾಯಾಗ ಸವದು ಬಂದವು. ನಿಮ್ದು ಅಂಗಡಿ ಬೋರ್ಡ್ ನೋಡಿ ಬರ್ಕೊಂಡದ್ದು.

ಇಬ್ಬರೂ ಜಗಳ ಆಮ್ಯಾಲ ಮಾಡ್ಕೋರಿ. ಅಂಗಡಿಯವ ಎರಡು ಸಲ ಫೋನ್ ಹಚ್ಚಿದ, "ಸಿಗ್ನಲ್ ತಿರುಗಿಸುವ ಫಲಕ" ಅಂತ ಕೊಟ್ಟುಬಿಟ್ಟೀನಿ.

ಮೂರು ಪದ, ಮೂರು ಭಾಷಾ. ಸಹಾಯ ಮಾಡಿದವರು ಅಂತ ನನ್ನ ಹೆಸರು ಮಾತ್ರ ಹಾಕಬ್ಯಾಡ್ರಿ.