ಮನೆಯಲ್ಲೇ ಗಿಟಾರ್‌ನ ಮೈಗೆ ಸ್ಪ್ರೇ ಪೇಂಟ್: ಮಾಡಿದವರು ಸ್ವಲ್ಪ ಹೇಳಿ

ಪ್ರಶ್ನೆ: ಹಳೆಯ ಎಲೆಕ್ಟ್ರಿಕ್ ಗಿಟಾರ್ ಒಂದಿದೆ. ಕಪ್ಪು ಬಣ್ಣ, ಮೈತುಂಬ ಗೀರು, ಒಂದು ಮೂಲೆಯಲ್ಲಿ ಚಕ್ಕೆ ಎದ್ದಿದೆ. ನೀಲಿ ಹೊಡೆದು, ಮೇಲೆ ಹೊಳೆಯುವ ಕ್ಲಿಯರ್ ಕೋಟ್ ಹಾಕುವ ಆಸೆ. ಕಂಪ್ರೆಸರ್ ಇಲ್ಲ, ಸ್ಪ್ರೇ ಕ್ಯಾನ್‌ನಲ್ಲೇ ಆಗಬೇಕು. ಹಳೇ ಬಣ್ಣ ಪೂರ್ತಿ ಕೀಳಬೇಕಾ? ಕ್ಲಿಯರ್ ಎಷ್ಟು ಕೋಟ್ ಬೇಕು?

ಉತ್ತರ: ಕೀಳುವ ಗೋಜಿಗೇ ಹೋಗಬೇಡಿ. ಈಗಿನ ಹೆಚ್ಚಿನ ಗಿಟಾರ್‌ಗಳ ಮೇಲಿರುವುದು ಪಾಲಿಯುರೆಥೇನ್ ಅಥವಾ ಪಾಲಿಯೆಸ್ಟರ್ ಲೇಪ. ಅದು ಬಿಗಿಯಾಗಿ ಕೂತಿದ್ದರೆ ಅದರ ಮೇಲೇ ಹೊಡೆಯಬಹುದು. ಚಕ್ಕೆ ಎದ್ದ ಕಡೆ ಪುಟ್ಟಿ ತುಂಬಿ ಸಮ ಮಾಡಿ. ಆಮೇಲೆ 320 ನಂಬರಿನ ಉಜ್ಜುವ ಪೇಪರ್‌ನಲ್ಲಿ (ಸ್ಯಾಂಡ್‌ಪೇಪರ್; ನಂಬರ್ ಹೆಚ್ಚಿದಷ್ಟೂ ನಯ) ಇಡೀ ಬಾಡಿಯ ಹೊಳಪು ಹೋಗುವವರೆಗೆ ಉಜ್ಜಿ. ಹೊಳಪು ಉಳಿದ ಜಾಗದಲ್ಲಿ ಪ್ರೈಮರ್ (ಬಣ್ಣಕ್ಕೂ ಮುಂಚೆ ಹೊಡೆಯುವ ತಳದ ಕೋಟ್) ಹಿಡಿಯುವುದಿಲ್ಲ.

ಆದರೆ ಉಜ್ಜುವುದಕ್ಕೂ ಮುಂಚೆ ಜಿಡ್ಡು ತೆಗೆಯುವ ದ್ರಾವಕದಿಂದ ಒರೆಸಿ. ಹಳೇ ಪಾಲಿಶ್‌ನ ಸಿಲಿಕೋನ್ ಉಳಿದರೆ ಹೊಸ ಬಣ್ಣ ಅಲ್ಲಲ್ಲಿ ದುಂಡಗೆ ಸರಿದು ಕಣ್ಣು ಕಣ್ಣಾಗುತ್ತದೆ. ಮೊದಲೇ ಉಜ್ಜಿಬಿಟ್ಟರೆ ಅದು ಗೀರುಗಳೊಳಗೆ ಇಳಿದುಬಿಡುತ್ತದೆ.

ನೆಕ್ ಪಾಕೆಟ್‌ಗೆ, ಅಂದರೆ ಗಿಟಾರ್‌ನ ಉದ್ದನೆಯ ಕತ್ತು (ನೆಕ್) ಬಾಡಿಯಲ್ಲಿ ಕೂರುವ ಗುಳಿಗೆ, ಟೇಪ್ ಹಾಕಲೇಬೇಕು. ಅಲ್ಲಿ ಬಣ್ಣ ದಪ್ಪ ಕೂತರೆ ನೆಕ್ ಸರಿಯಾಗಿ ಕೂರುವುದಿಲ್ಲ. ಒತ್ತಿ ತುರುಕಿದರೆ ಅಂಚಿನ ಬಣ್ಣ ಸೀಳುತ್ತದೆ. ಅದೇ ಪಾಕೆಟ್‌ನ ಸ್ಕ್ರೂ ತೂತುಗಳಿಗೆ ಒಂದು ಮರದ ಪಟ್ಟಿ ಬಿಗಿದುಕೊಳ್ಳಿ. ಹೊಡೆಯುವಾಗ ಹಿಡಿಯೋಕೂ ಆಯ್ತು, ಒಣಗಲು ನೇತು ಹಾಕೋಕೂ ಆಯ್ತು.

ಕ್ಯಾನ್ 20–25 ಸೆಂ.ಮೀ. ದೂರದಲ್ಲಿರಲಿ. ಗುಂಡಿ ಒತ್ತುವುದು ಬಾಡಿಯ ಆಚೆ, ಬಿಡುವುದೂ ಆಚೆ. ಪ್ರತಿ ಸಾಲು ಹಿಂದಿನ ಸಾಲಿನ ಅರ್ಧವನ್ನು ಮುಚ್ಚಬೇಕು. ಮೊದಲ ಕೋಟ್‌ನಲ್ಲಿ ಕಪ್ಪು ಕಾಣುತ್ತಿದ್ದರೆ ಕಾಣಲಿ. ಅಲ್ಲೇ ಮುಚ್ಚುತ್ತೇನೆ ಅಂತ ಹೋದರೆ ಬಣ್ಣ ಹರಿದು ಕೆಳಗೆ ಇಳಿಯುತ್ತದೆ. ಇಳಿದರೂ ಗಾಬರಿ ಬೇಡ, ಹಸಿಯಲ್ಲಿ ಮುಟ್ಟಬೇಡಿ. ಪೂರ್ತಿ ಒಣಗಿದ ಮೇಲೆ ಪೇಪರನ್ನು ಮರದ ತುಂಡಿಗೆ ಸುತ್ತಿ ಸಮ ಮಾಡಿ.

ಉತ್ತರ: ಮೇಲಿನವರು ಹೇಳಿದ್ದೆಲ್ಲ ಸರಿ, ಒಂದು ಬಿಟ್ಟಿದ್ದಾರೆ. ಪ್ರೈಮರ್, ಬಣ್ಣ, ಕ್ಲಿಯರ್ ಮೂರೂ ಒಂದಕ್ಕೊಂದು ಹೊಂದಬೇಕು. ಎನಾಮೆಲ್ ಬಣ್ಣದ ಮೇಲೆ ಲ್ಯಾಕರ್ (ದ್ರಾವಕ ಆರಿ ಒಣಗುವ ಬಗೆ) ಹೊಡೆದರೆ ಕೆಳಗಿನದು ಸುಕ್ಕುಗಟ್ಟಿ ಏಳಬಹುದು. ಒಂದೇ ಕಂಪನಿಯ ಒಂದೇ ಬಗೆಯ ಕ್ಯಾನ್‌ಗಳು ಸಿಕ್ಕರೆ ತಲೆನೋವಿಲ್ಲ. ಆದರೂ ಮೊದಲು ಹಲಗೆಯ ತುಂಡಿನ ಮೇಲೆ ಮೂರೂ ಹೊಡೆದು ನೋಡಿ. ಕಾರಿಗೆ ಹೊಡೆಯುವ ಕ್ಯಾನ್ ಗಿಟಾರ್‌ಗೆ ಆಗುತ್ತಾ ಅಂತ ಕೆಲವರಿಗೆ ಅನುಮಾನ. 1960ರ ದಶಕದ ಫೆಂಡರ್ ಗಿಟಾರ್‌ಗಳ ಲೇಕ್ ಪ್ಲಾಸಿಡ್ ಬ್ಲೂ, ಫಿಯೆಸ್ಟಾ ರೆಡ್ ಎಲ್ಲಾ ಮೂಲದಲ್ಲಿ ಕಾರಿನ ಬಣ್ಣಗಳೇ ಅಲ್ವಾ!

ಇನ್ನು 2ಕೆ ಕ್ಲಿಯರ್, ಅಂದರೆ ಗಟ್ಟಿಕಾರಕ (ಹಾರ್ಡನರ್) ಬೆರೆಸಿ ಹೊಡೆಯುವ ಎರಡು ಭಾಗದ ಕ್ಲಿಯರ್. ಗಟ್ಟಿ, ಬೇಗ ಒಣಗುತ್ತದೆ, ಹೊಳಪೂ ಜಾಸ್ತಿ. ಆದರೆ ಅದರ ಗಟ್ಟಿಕಾರಕದಲ್ಲಿ ಐಸೋಸಯನೇಟ್ ಇರುತ್ತದೆ. ಅದು ಶ್ವಾಸಕೋಶಕ್ಕೆ ಸೇರಿದರೆ ಆಸ್ತಮಾ ಬರಬಹುದು, ಆಮೇಲೆ ಸ್ವಲ್ಪ ತಾಕಿದರೂ ಉಸಿರು ಕಟ್ಟಬಹುದು. ಬಟ್ಟೆ ಮಾಸ್ಕ್ ಯಾವುದಕ್ಕೂ ಸಾಲದು. ಮನೆಯಲ್ಲಿ ಅದು ಬೇಡ ಅಂತಲೇ ನಾನು ಹೇಳುವುದು. ಮಾಮೂಲಿ ಅಕ್ರಿಲಿಕ್ ಲ್ಯಾಕರ್ ಸಾಕು. ಅದಕ್ಕೂ ದ್ರಾವಕದ ಆವಿ ತಡೆಯುವ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ಮಾಸ್ಕ್ ಹಾಕಿ, ಬಯಲಲ್ಲಿ ಹೊಡೆಯಿರಿ. ಹತ್ತಿರದಲ್ಲಿ ಬೆಂಕಿ ಇರಲೇಬಾರದು.

ಉತ್ತರ: ಕ್ಲಿಯರ್ ಎಷ್ಟು ಕೋಟ್ ಅಂದಿರಿ. ಲ್ಯಾಕರ್ ಕ್ಯಾನ್ ಆದರೆ ತೆಳ್ಳಗೆ 8ರಿಂದ 12. ದಿನಕ್ಕೆ ಮೂರರಂತೆ ಹಂಚಿಕೊಳ್ಳಿ. ಎಷ್ಟು ಹೊತ್ತಿಗೆ ಮುಂದಿನ ಕೋಟ್ ಅನ್ನುವುದು ಕ್ಯಾನ್ ಮೇಲೇ ಇರುತ್ತದೆ, ಅದನ್ನು ಓದಿ.

ಆಮೇಲೆ ಮೂರು ನಾಲ್ಕು ವಾರ ಮುಟ್ಟಬೇಡಿ. ಮೇಲೆ ಒಣಗಿದಂತೆ ಕಂಡರೂ ಒಳಗಿನ ದ್ರಾವಕ ನಿಧಾನವಾಗಿ ಹೊರಗೆ ಬರುತ್ತಿರುತ್ತದೆ, ಪದರ ಕುಗ್ಗುತ್ತಿರುತ್ತದೆ. ಈಗಲೇ ಪಾಲಿಶ್ ಮಾಡಿದರೆ ತಿಂಗಳೊಳಗೆ ಹಳೇ ಗೀರೆಲ್ಲ ಮತ್ತೆ ಕಾಣುತ್ತದೆ. ಮೂಗು ಹತ್ತಿರ ಹಿಡಿದು ನೋಡಿ. ಬಣ್ಣದ ವಾಸನೆ ಇದ್ದರೆ ಇನ್ನೂ ಹಸಿ ಅಂತಲೇ ಲೆಕ್ಕ.

ನೀರಿನಲ್ಲಿ ಉಜ್ಜುವುದು 1000, 1500, 2000 ಹೀಗೆ. ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ. ಬೆಳಕಿಗೆ ಓರೆಯಾಗಿ ಹಿಡಿದರೆ ಉಜ್ಜಿದ್ದು ಮಂಕಾಗಿ, ತಗ್ಗುಗಳು ಹೊಳೆಯುವ ಚುಕ್ಕೆಗಳಾಗಿ ಕಾಣುತ್ತವೆ. ಕಿತ್ತಳೆ ಸಿಪ್ಪೆಯಂಥ ಆ ಚುಕ್ಕೆಗಳು ಪೂರ್ತಿ ಹೋದ ಮೇಲೇ ಮುಂದಿನ ಪೇಪರ್. ನೀರು ನೀಲಿಯಾಯಿತಾ? ತಕ್ಷಣ ನಿಲ್ಲಿಸಿ, ಕ್ಲಿಯರ್ ತೂತಾಗಿದೆ. ಅದು ಆಗುವುದು ಹೆಚ್ಚಾಗಿ ಅಂಚುಗಳಲ್ಲೇ. ಅಂಚಿಗೆ ಮಾತ್ರ ಟೇಪ್ ಅಂಟಿಸಿಕೊಂಡು, ಮೈಯೆಲ್ಲ ಮುಗಿದ ಮೇಲೆ ಕೊನೆಗೆ 2000ದಲ್ಲಿ ಎರಡು ಎಳೆತ ಎಳೆದರೆ ಸಾಕು. ಸ್ಕ್ರೂ ತೂತಿಗೆ ನೀರು ಹೋಗದಂತೆಯೂ ನೋಡಿಕೊಳ್ಳಿ. ಮರ ಉಬ್ಬಿದರೆ ಸುತ್ತ ಬಣ್ಣ ಬಿರಿಯುತ್ತದೆ. ಕೊನೆಗೆ ರಬ್ಬಿಂಗ್ ಕಾಂಪೌಂಡ್, ಪಾಲಿಶ್. ಅದು ಸುಲಭ.

ಉತ್ತರ: ಮಳೆ ಹಿಡಿದ ದಿನ ಲ್ಯಾಕರ್ ಹೊಡೆಯಬೇಡಿ. ಗಾಳಿಯ ತೇವ ಸೇರಿ ಬೆಳ್ಳಗೆ ಮಬ್ಬಾಗುತ್ತದೆ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ಕೀಳುವುದು ಬೇಡ ಅಂದಿದ್ದೇ ದೊಡ್ಡ ನೆಮ್ಮದಿ. ಮೂರು ನಾಲ್ಕು ವಾರ ಕಾಯುವಾಗ ಗಿಟಾರ್ ಸ್ಟ್ಯಾಂಡ್‌ನಲ್ಲಿ ಇಡಬಹುದಾ?

ಉತ್ತರ: ಬೇಡ. ಸ್ಟ್ಯಾಂಡ್‌ನ ರಬ್ಬರ್ ತಾಗಿದ ಕಡೆ ಲ್ಯಾಕರ್ ಮೆತ್ತಗಾಗಿ ಅಚ್ಚು ಬೀಳಬಹುದು. ಆ ಮರದ ಪಟ್ಟಿಯಲ್ಲೇ ನೇತು ಹಾಕಿಡಿ.