ಹಳೇ ಲಾರಾಕ್ಕೆ ಮೆಮೊರಿ ಇರುವ ಪವರ್ ಸೀಟ್ ಹಾಕ್ಲಿಕ್ಕೆ ಆಗ್ತದಾ? ಶಾರ್ಜಾದಿಂದ ತರಿಸುದಾ ಬೇಡ್ವಾ?

ಬದಿಯಡ್ಕ ಕೆಎಲ್14:
ಎಲ್ಲರಿಗೂ ನಮಸ್ಕಾರ. ನಮ್ಮದು 2010ರ ಸ್ಕೋಡಾ ಲಾರಾ, ಡೀಸೆಲ್, ಸೀಟ್ ಎಲ್ಲ ಕೈಯಲ್ಲೇ ಅಡ್ಜಸ್ಟ್ ಮಾಡುವಂಥದ್ದು. ಓಡಿಸುದು ನಾನು ಮತ್ತೆ ಅಪ್ಪ ಇಬ್ರೇ. ನಾನು ಆರಡಿ, ಅಪ್ಪ ಐದೂಕಾಲು. ಅಪ್ಪನಿಗೆ ಸೊಂಟದ ಡಿಸ್ಕಿನ ತೊಂದ್ರೆ ಉಂಟು, ನಾನು ಓಡಿಸಿ ಇಟ್ಟ ಮರುದಿನ ಅವ್ರು ಕೂತ್ರೆ ಮೊದ್ಲು ಬಗ್ಗಿ ಸೀಟಿನ ಅಡಿಯ ರಾಡ್ ಎಳೆದು ಮುಂದೆ ತರ್ಬೇಕು, ಮತ್ತೆ ಬದಿಯ ಲಿವರ್ ಏಳೆಂಟು ಸಲ ಪಂಪ್ ಹೊಡೀಬೇಕು, ಮತ್ತೆ ಬೆನ್ನಿಗೆ ಆ ಉರುಟು ನಾಬ್ ತಿರುಗಿಸ್ಬೇಕು, ಅಷ್ಟಾಗುವಾಗ ಸೊಂಟ ಹಿಡ್ದೇ ಬಿಡ್ತದೆ. ಮೊನ್ನೆ ದೇರಳಕಟ್ಟೆ ಆಸ್ಪತ್ರೆಗೆ ಹೊರಟವ್ರು ಅಂಗಳದಲ್ಲೇ ಗಾಡಿ ಆಫ್ ಮಾಡಿ ಒಳಗೆ ಬಂದು ಮಲಗಿದ್ರು. ನೋಡ್ಲಿಕ್ಕೆ ಆಗ್ಲಿಲ್ಲ ನಂಗೆ.

ಭಾವ ಶಾರ್ಜಾದಲ್ಲಿ ಇದ್ದಾರೆ, ಅಲ್ಲಿ ಗುಜರಿಯಲ್ಲಿ ಇದೇ ಮಾಡೆಲಿನ ಒಕ್ಟಾವಿಯಾದ (ಲಾರಾಕ್ಕೆ ಅಲ್ಲಿ ಅದೇ ಹೆಸರು) ಡ್ರೈವರ್ ಸೀಟ್ ನೋಡಿದ್ದಾರಂತೆ, ಲೆದರ್, 1-2-3 ಮೆಮೊರಿ ಬಟನ್ (ಒತ್ತಿದ್ರೆ ಅವರವರ ಅಳತೆಗೆ ಸೀಟ್ ತಾನೇ ಬಂದು ನಿಲ್ತದೆ) ಸಮೇತ, ಕಾರ್ಗೋದಲ್ಲಿ ಹಾಕ್ತೇನೆ ಅಂತಾರೆ. ಇಲ್ಲಿ ಒಬ್ಬ ಎಲೆಕ್ಟ್ರಿಷಿಯನ್ ಹತ್ರ ಕೇಳಿದೆ, ಸಿಗರೇಟ್ ಲೈಟರಿನ ವಯರಿಂದ ಕರೆಂಟ್ ಕೊಟ್ರಾಯ್ತು ಅಂದ್ರು. ಹಾಕಿದವ್ರು ಯಾರಾದ್ರೂ ಇದ್ರೆ ಹೇಳಿ.

ಉಪ್ಪಳ ಮೆಕ್ಯಾನಿಕ್:
ಭಾವನಿಗೆ ಇವತ್ತೇ ಫೋನ್ ಮಾಡಿ ನಿಲ್ಲಿಸಿ ಮಾರಾಯ್ರೆ. ಗಲ್ಫಿನ ಗಾಡಿಗೆ ಸ್ಟೇರಿಂಗ್ ಎಡಬದಿ. ಅಲ್ಲಿಯ ಡ್ರೈವರ್ ಸೀಟ್ ಅಂದ್ರೆ ಎಡದ ಸೀಟ್. ಅದ್ರ ಸ್ವಿಚ್ ಎಲ್ಲ ಎಡಗಡೆ, ಬೆಲ್ಟಿನ ಬಕಲ್ ಬಲಗಡೆ. ನಮ್ಮ ಗಾಡಿಯ ಬಲಬದಿಗೆ ಅದನ್ನು ಕೂರಿಸಿದ್ರೆ ಸ್ವಿಚ್ ಹೋಗಿ ಹ್ಯಾಂಡ್‌ಬ್ರೇಕಿನ ಬದಿಗೆ ಬರ್ತದೆ, ಬಕಲ್ ಬಾಗಿಲಿನ ಬದಿಗೆ. ಬೆಲ್ಟ್ ಹಾಕ್ಲಿಕ್ಕೇ ಆಗುದಿಲ್ಲ. ಸೈಡ್ ಏರ್‌ಬ್ಯಾಗ್ ಕೂಡ ಬಾಗಿಲಿನ ಬದಿ ಬಿಟ್ಟು ಒಳಗಡೆ ತಿರುಗಿ ಕೂರ್ತದೆ. ಅಲ್ಲಿಯ ಬಲದ ಸೀಟ್ ತರುವ ಅಂದ್ರೆ ಅದು ಪ್ಯಾಸೆಂಜರ್ ಸೀಟ್, ಅದ್ರಲ್ಲಿ ಹೆಚ್ಚಾಗಿ ಮೆಮೊರಿ ಇರುದಿಲ್ಲ. ನಮ್ಮ ಊರಲ್ಲಿ ಮನೆಗೊಬ್ರು ಗಲ್ಫಲ್ಲಿ ಇರುದ್ರಿಂದ ಇದೇ ಯೋಚನೆ ಎಲ್ಲರಿಗೂ ಬರ್ತದೆ, ಹೀಗೆ ತರಿಸಿದ ಒಂದು ಸೀಟ್ ನನ್ನ ಶೆಡ್ಡಲ್ಲಿ ಈಗ್ಲೂ ಟಾರ್ಪಲ್ ಅಡಿ ಉಂಟು.

ಇಲ್ಲಿಯದ್ದೇ ಲಾರಾ ಟಾಪ್ ವೇರಿಯಂಟಿನ ಸೀಟ್ ಹುಡ್ಕಿ. ಕೊಯಮತ್ತೂರು ಉಕ್ಕಡಂ, ಬೆಂಗಳೂರು ಶಿವಾಜಿನಗರ, ಅಲ್ಲೆಲ್ಲ ಕೇಳಿದ್ರೆ ಸಿಗ್ತದೆ. ಹೋಗುವಾಗ ಒಂದು 12 ವೋಲ್ಟ್ ಬೈಕ್ ಬ್ಯಾಟರಿ ಮತ್ತೆ ವಯರ್ ಹಿಡ್ಕೊಂಡು ಹೋಗಿ, ಮರೀಬೇಡಿ. ಗುಜರಿ ಗಾಡಿಯಲ್ಲಿ ಬ್ಯಾಟರಿ ಸತ್ತಿರ್ತದೆ, ಸೀಟ್ ಹಿಂದೆ ಹೋಗದೆ ಮುಂದಿನ ಬೋಲ್ಟ್ ಕಾಣುದಿಲ್ಲ, ಮುಂದೆ ಬರದೆ ಹಿಂದಿನದ್ದು ಕಾಣುದಿಲ್ಲ, ಆಗ ಅವ್ರು ರಾಡ್ ಹಾಕಿ ಮೀಟಿ ರೈಲ್ ಬಗ್ಗಿಸಿ ಬಿಡ್ತಾರೆ. ಬೋಲ್ಟ್ ನಾಲ್ಕು, ತಲೆ ಹನ್ನೆರಡು ಹಲ್ಲಿನ ಸ್ಪ್ಲೈನ್, ಎಂ10 ಬಿಟ್ ಬೇಕು. ನೋಡ್ಲಿಕ್ಕೆ ಟಾರ್ಕ್ಸಿನ (ಆರು ಮೂಲೆಯ ನಕ್ಷತ್ರದ್ದು) ಹಾಗೇ ಕಾಣ್ತದೆ, ಆದ್ರೆ ಟಾರ್ಕ್ಸ್ ಬಿಟ್ ಹಾಕಿ ತಿರುಗಿಸಿದ್ರೆ ಹಲ್ಲು ಸವೆದು ಮತ್ತೆ ಬಿಚ್ಲಿಕ್ಕೆ ಡ್ರಿಲ್ಲೇ ಗತಿ.

ಹೊಸೂರು ಟಿಎನ್70:
ನಾನು ಎರಡು ವರ್ಷದ ಹಿಂದೆ ಇದೇ ಗಾಡಿಗೆ ಇದೇ ಕೆಲಸ ಮಾಡಿಸಿದೀನಿ, ಸೀಟ್ ಕೂರಿಸೋದು ಅರ್ಧ ಗಂಟೆ ಅಷ್ಟೇ, ಕಷ್ಟ ಇರೋದು ವಯರಿಂಗಲ್ಲಿ. ಲೈಟರ್ ವಯರ್ ಮಾತ್ರ ಬೇಡ್ವೇ ಬೇಡ. ಸೀಟಿನ ಮೋಟರ್ ಹಿಂದೆ ಮುಂದೆ, ಮೇಲೆ ಕೆಳಗೆ, ಬೆನ್ನಿಗೆ ಅಂತ ಬೇರೆ ಬೇರೆ ಇರತ್ತೆ, ಜನ ಕೂತಿರುವಾಗ ಎರಡು ಮೋಟರ್ ಒಟ್ಟಿಗೆ ಎಳೆದ್ರೆ ಆ ವಯರ್ ತಡ್ಯಲ್ಲ. ನನಗೂ ಮೊದಲು ಒಂದು ಕಡೆ ಹಾಗೇ ಮಾಡಿಕೊಟ್ಟಿದ್ರು. ಮೂರನೇ ದಿನ ಕೃಷ್ಣಗಿರಿ ಟೋಲ್ ಹತ್ರ ಸುಟ್ಟ ವಾಸನೆ ಬಂತು, ನಿಲ್ಲಿಸಿ ಕಾರ್ಪೆಟ್ ಎತ್ತಿ ನೋಡಿದ್ರೆ ವಯರ್ ಮೇಲಿನ ಪ್ಲಾಸ್ಟಿಕ್ ಕರಗಿ ಫೆಲ್ಟಿಗೆ ಅಂಟ್ಕೊಂಡಿತ್ತು. ಹೆಂಡತಿ ಮಗು ಇಬ್ಬರೂ ಗಾಡೀಲಿದ್ರು, ಈಗಲೂ ನೆನೆಸ್ಕೊಂಡ್ರೆ ಎದೆ ಝಲ್ ಅನ್ನತ್ತೆ. ಆಮೇಲೆ ಫ್ಯೂಸ್ ಬಾಕ್ಸಿಂದ 4 ಸ್ಕ್ವೇರ್ ಎಂಎಂ ವಯರ್ ಬೇರೆಯಾಗಿ ಎಳೆಸಿ 30 ಆಂಪ್ ಫ್ಯೂಸ್ ಹಾಕಿಸಿದೆ, ಅರ್ತ್ ಕೂಡ ಅಷ್ಟೇ ದಪ್ಪದ್ದು.

ಇನ್ನು ಮೆಮೊರಿ. ಸೀಟ್ ಅಡೀಲಿ ಒಂದು ಮಾಡ್ಯೂಲ್ ಇರತ್ತೆ, ಸೀಟ್ ಎಲ್ಲಿದೆ ಅಂತ ನೆನಪಿಟ್ಕೊಳ್ಳೋದು ಅದೇ. ಅದು ಗಾಡಿ ಜೊತೆ ಮಾತಾಡೋಕೆ ಕ್ಯಾನ್ ಬಸ್ ಅನ್ನೋ ಡೇಟಾ ಲೈನಿನ ಎರಡು ವಯರ್ ಬೇಕು, ಕಿತ್ತಳೆ-ಹಸಿರು ಒಂದು, ಕಿತ್ತಳೆ-ಕಂದು ಒಂದು, ಎರಡನ್ನೂ ಹುರಿ ಥರ ಹೊಸೆದೇ ತರಬೇಕು. ಆಮೇಲೆ ವಿಸಿಡಿಎಸ್ (ಲ್ಯಾಪ್‌ಟಾಪಿಂದ ಗಾಡಿ ಚೆಕ್ ಮಾಡೋ ಸಾಫ್ಟ್‌ವೇರ್) ಇರೋರ ಹತ್ರ ಹೋಗಿ 19ನೇ ಅಡ್ರೆಸ್ ಗೇಟ್‌ವೇ ಲಿಸ್ಟಲ್ಲಿ, ಅಂದ್ರೆ ಗಾಡೀಲಿರೋ ಮಾಡ್ಯೂಲ್‌ಗಳ ಪಟ್ಟೀಲಿ, 36 ಅಂದ್ರೆ ಡ್ರೈವರ್ ಸೀಟ್ ಮೆಮೊರಿಗೆ ಟಿಕ್ ಹಾಕಿಸಿ, ಎರರ್ ಅಳಿಸ್ಕೊಳ್ಳಿ. ಕನ್ನಡಿ ಮಾತ್ರ ಸೀಟ್ ಜೊತೆ ತಿರುಗಲ್ಲ, ಅದಕ್ಕೆ ಕನ್ನಡಿ, ಬಾಗಿಲಿನ ಮಾಡ್ಯೂಲ್ ಎರಡೂ ಮೆಮೊರಿದೇ ಆಗಿರಬೇಕು. ನಿಮ್ಮ ತಂದೆಯವರಿಗೆ ಬೇಕಿರೋದು ಸೀಟ್ ತಾನೇ, ಕನ್ನಡಿ ಬಿಡಿ.

ಮಂಜೇಶ್ವರ ಹೈವೇ:
ಎರಡು ಮಾತು ಸೇರಿಸ್ತೇನೆ. 2018ರ ಆಗಸ್ಟಿನ ನೆರೆಯಲ್ಲಿ ಕೇರಳದಲ್ಲಿ ಎಷ್ಟು ಗಾಡಿ ಮುಳುಗಿತ್ತು ಅಂತ ನಮಗೆಲ್ಲ ಗೊತ್ತುಂಟು, ಅಂಥ ಗಾಡಿಯ ಸೀಟ್ ಮೇಲಿಂದ ಪಾಲಿಶ್ ಮಾಡಿದ್ರೆ ಹೊಸತರ ಹಾಗೆ ಕಾಣ್ತದೆ. ಕವುಚಿ ಹಾಕಿ ನೋಡಿ, ಸ್ಪ್ರಿಂಗಲ್ಲಿ ತುಕ್ಕು, ರೈಲಿನ ಸಂದಿಯಲ್ಲಿ ಒಣಗಿದ ಕೆಸರು ಇದ್ರೆ ಬಿಟ್ಟು ಬನ್ನಿ, ಮಾಡ್ಯೂಲ್ ಸೀಟಿನ ಅಡಿಯಲ್ಲೇ ಇರುದಲ್ವಾ.

ಇನ್ನೊಂದು ಏರ್‌ಬ್ಯಾಗಿನ ಹಳದಿ ಕನೆಕ್ಟರ್. ಅದನ್ನು ಮುಟ್ಟುವ ಮೊದ್ಲು ಬ್ಯಾಟರಿ ನೆಗೆಟಿವ್ ಬಿಚ್ಚಿ ಹತ್ತು ನಿಮಿಷ ಕಾಯಿರಿ, ಮಲ್ಟಿಮೀಟರ್ ಅದಕ್ಕೆ ಹಿಡೀಲೇಬಾರ್ದು. ಡ್ಯಾಶ್‌ಬೋರ್ಡಲ್ಲಿ ಉರಿಯುವ ಏರ್‌ಬ್ಯಾಗ್ ವಾರ್ನಿಂಗ್ ಲೈಟ್ ನಂದಿಸ್ಲಿಕ್ಕೆ ರೆಸಿಸ್ಟರ್ ಹಾಕಿ ಕೊಡ್ತೇವೆ ಅಂತ ಕೆಲವ್ರು ಹೇಳ್ತಾರೆ. ಒಪ್ಪಬೇಡಿ. ಲೈಟ್ ನಂದ್ತದೆ, ಬಡಿದಾಗ ಬ್ಯಾಗ್ ಬಿಚ್ಚುದಿಲ್ಲ. ಮತ್ತೆ ಹಳೇ ಸೀಟ್ ಮಾರ್ಬೇಡಿ, ಅಟ್ಟದಲ್ಲಿ ಇಡಿ, ಕಂಪನಿ ಕೊಟ್ಟದ್ದನ್ನು ಬದಲಾಯಿಸಿದ್ರೆ ಮೋಟಾರ್ ವಾಹನ ಕಾಯ್ದೆಯ 52ನೇ ಸೆಕ್ಷನ್ ಉಂಟು, ನಮ್ಮ ಎಂವಿಡಿಯವ್ರು (ಮೋಟಾರ್ ವಾಹನ ಇಲಾಖೆ) ಅದ್ರಲ್ಲಿ ಬಿಗಿ. ಕೆಲಸಕ್ಕೆ ಮೊದ್ಲೇ ಆರ್‌ಟಿಓ ಆಫೀಸಲ್ಲಿ ಮತ್ತೆ ಇನ್ಶೂರೆನ್ಸಿನವ್ರಲ್ಲಿ ಕೇಳಿ ಬನ್ನಿ.

ಬದಿಯಡ್ಕ ಕೆಎಲ್14:
ಎಲ್ಲರಿಗೂ ತುಂಬಾ ಉಪಕಾರ ಆಯ್ತು. ಭಾವನಿಗೆ ಹೇಳಿ ನಿಲ್ಲಿಸಿದೆ, ಅವ್ರು ಅಡ್ವಾನ್ಸ್ ಕೊಟ್ಟಿರ್ಲಿಲ್ಲ. ನಾಳೆ ಕಾಸರಗೋಡು ಆರ್‌ಟಿಓ ಆಫೀಸಿಗೆ ಹೋಗಿ ಕೇಳ್ತೇನೆ, ತೊಂದ್ರೆ ಇಲ್ಲ ಅಂದ್ರೆ ಮುಂದಿನ ಆದಿತ್ಯವಾರ ಕಳೆದ ಮೇಲೆ ಕೊಯಮತ್ತೂರಿಗೆ. ಉಪ್ಪಳದ ಅಣ್ಣ, ನಿಮ್ಮ ಹತ್ರ ಆ ಎಂ10 ಬಿಟ್ ಇದ್ರೆ ಎರಡು ದಿನಕ್ಕೆ ಕೊಡ್ತೀರಾ? ಅಲ್ಲಿವರೆಗೆ ನಾನು ಗಾಡಿ ತಂದು ಇಟ್ಟ ಕೂಡ್ಲೆ ಅಪ್ಪನ ಅಳತೆಗೆ ಸೀಟ್ ಸರಿ ಮಾಡಿ ಇಡ್ತಾ ಇದ್ದೇನೆ, ರೈಲಿನ ಬದಿಯಲ್ಲಿ ಪೇಂಟಲ್ಲಿ ಒಂದು ಬಿಳಿ ಗೆರೆ ಹಾಕಿದ್ದೇನೆ.

ಉಪ್ಪಳ ಮೆಕ್ಯಾನಿಕ್:
ಬಿಟ್ ಉಂಟು, ಬಂದು ತಕೊಂಡು ಹೋಗಿ. ಸೀಟ್ ತಂದ ಮೇಲೆ ನೇರ ನನ್ನ ಶೆಡ್ಡಿಗೇ ತನ್ನಿ, ಗಾಡಿಗೆ ಹಾಕುವ ಮೊದ್ಲು ನೆಲದಲ್ಲಿಟ್ಟು ಬ್ಯಾಟರಿ ಕೊಟ್ಟು ಎಲ್ಲ ಮೋಟರ್ ಒಮ್ಮೆ ಓಡಿಸಿ ನೋಡುವ.