ಅಪ್‌ಡೇಟ್: ಆ 9 ಸೆಂ.ಮೀ. ಗಡ್ಡೆ ಮೆಸೆಂಟರಿಯದ್ದೇ

ಹಿಂದೆ ಕೇಳಿದ್ದು ಇಷ್ಟು: 38 ವರ್ಷದ ಮಹಿಳೆ, ಹೊಕ್ಕುಳ ಪಕ್ಕ ನೋವಿಲ್ಲದ ಊತ, ಅಲ್ಟ್ರಾಸೌಂಡ್‌ನಲ್ಲಿ 9 ಸೆಂ.ಮೀ. ನೀರ್ಗಡ್ಡೆ. ಅಂಡಾಶಯದ್ದೋ ಕರುಳಿನ ಕಡೆಯದ್ದೋ? ಸೂಜಿ ಹಾಕಿ ನೀರು ತೆಗೆದರೆ ಸಾಕೇ?

ಕೈಯಿಂದ ಪರೀಕ್ಷಿಸಿದಾಗಲೇ ಸುಳಿವಿತ್ತು. ಗಡ್ಡೆ ಎಡಕ್ಕೆ ಬಲಕ್ಕೆ ಸಲೀಸಾಗಿ ಜರುಗುತ್ತಿತ್ತು, ಮೇಲೆ ಕೆಳಗೆ ಅಷ್ಟಾಗಿ ಇಲ್ಲ. ಸಣ್ಣಕರುಳಿಗೆ ರಕ್ತನಾಳ ಒಯ್ಯುವ ಪೊರೆಯಾದ ಮೆಸೆಂಟರಿಯ ಗಡ್ಡೆಗಳ ಗುರುತು ಇದು. ಕಾಂಟ್ರಾಸ್ಟ್ ಔಷಧ ಕೊಟ್ಟು ತೆಗೆದ ಸಿಟಿ ಸ್ಕ್ಯಾನ್‌ನಲ್ಲಿ ತೆಳು ಗೋಡೆ, ಎರಡು ಸಣ್ಣ ಪರದೆ, ಎರಡೂ ಅಂಡಾಶಯ ಪ್ರತ್ಯೇಕವಾಗಿ ಸರಿಯಾಗಿದ್ದವು. ಹೈಡಾಟಿಡ್ (ಲಾಡಿಹುಳದ ಲಾರ್ವಾದಿಂದಾಗುವ ನೀರ್ಗಡ್ಡೆ) ಸೀರಾಲಜಿ, ಅಂದರೆ ಅದರ ರಕ್ತಪರೀಕ್ಷೆ, ನೆಗೆಟಿವ್. ದಯವಿಟ್ಟು ಈ ಪರೀಕ್ಷೆ ಬಿಡಬೇಡಿ: ಹೈಡಾಟಿಡ್ ಗಡ್ಡೆ ಸೋರಿದರೆ ಜೀವಕ್ಕೇ ಕುತ್ತಾಗುವ ಅಲರ್ಜಿ ಬರಬಹುದು, ಲಾರ್ವಾಗಳು ಹೊಟ್ಟೆಯೆಲ್ಲ ಹರಡಬಹುದು.

ಸೂಜಿಯ ದಾರಿ ಕೈಬಿಡಲಾಯಿತು. ಗೋಡೆ ಒಳಗೇ ಉಳಿದರೆ ದ್ರವ ಮತ್ತೆ ತುಂಬುತ್ತದೆ. ಲ್ಯಾಪರೊಸ್ಕೋಪಿಯಲ್ಲಿ ಗಡ್ಡೆಯನ್ನು ಇಡಿಯಾಗಿ ಬಿಡಿಸಿ, ಚೀಲದೊಳಗೆ ಹಾಕಿದ ಮೇಲಷ್ಟೇ ಚುಚ್ಚಿ ನೀರು ಹೀರಿದರು. ಹಾಲಿನಂಥ ಬಿಳಿ ದ್ರವ, ಅಂದರೆ ಕೈಲ್ (ಕರುಳಿನಿಂದ ಕೊಬ್ಬು ಒಯ್ಯುವ ಲಿಂಫ್ ದ್ರವ). ಕಷ್ಟವಾದದ್ದು ಒಂದೇ ಕಡೆ: ಗೋಡೆ ಕರುಳಿನ ಅಂಚಿಗೆ ಅಂಟಿದ್ದಲ್ಲಿ ಪೋಷಕ ರಕ್ತನಾಳ ಹರಿದಿದ್ದರೆ ಆ ಭಾಗದ ಕರುಳನ್ನೇ ಕತ್ತರಿಸಿ ಜೋಡಿಸಬೇಕಿತ್ತು. ಅದರ ಒಪ್ಪಿಗೆ ಮೊದಲೇ ಪಡೆದಿದ್ದರು, ಬೇಕಾಗಲಿಲ್ಲ.

ಬಯಾಪ್ಸಿ ವರದಿ: ಲಿಂಫಾಂಜಿಯೋಮಾ (ಲಿಂಫ್ ನಾಳಗಳ ಗಡ್ಡೆ), ಲಿಂಫ್ ನಾಳವನ್ನು ಗುರುತಿಸುವ ಡಿ2-40 ಪರೀಕ್ಷೆ ಪಾಸಿಟಿವ್, ಕ್ಯಾನ್ಸರ್ ಅಂಶವಿಲ್ಲ. ಮುಂದಿನ ಅಲ್ಟ್ರಾಸೌಂಡ್ 6 ತಿಂಗಳಿಗೆ.